ಸುಣ್ಣ ಹಚ್ಚಿ ಹಿಡಿದ ಸದ್ದು

ಆ ಸದ್ದಿಗೆ ಮೊದಲು ಒಂದು ಹೆಸರು ಕೊಟ್ಟವಳು ಆಯಿ. ದೇವಿಮನೆ ಘಟ್ಟ ಇಳಿಯುತ್ತಿದ್ದೆವು. ಹಿಂದಿನ ಸೀಟಿನ ಎಡಮೂಲೆಯಲ್ಲಿ ಕುಳಿತು ಎಲೆ ಅಡಿಕೆಯ ಕವಳ ಹಾಕಿಕೊಳ್ಳುತ್ತಿದ್ದವಳು ಥಟ್ಟನೆ ಕೈ ನಿಲ್ಲಿಸಿ, "ಮಾಣಿ, ಕೆಳಗೆ ಯಾರೋ ಕಾಯಿ ತುರಿಯುತ್ತಿದ್ದಾರಲ್ಲೋ" ಎಂದಳು. ಕಾರಿನಲ್ಲಿದ್ದವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ. ಹೊಸ ಚಕ್ರ ಹಾಕಿಸಿದ ಎರಡು ವಾರದಿಂದ ಆ ಸದ್ದು ನನಗೂ ಕೇಳುತ್ತಿತ್ತು. ಅಂಗಳದಲ್ಲಿ ಕಾರು ತಿರುಗಿಸುವಾಗ ಒಮ್ಮೆ, ತೋಟದ ದಾರಿಯ ಗುಂಡಿಯಲ್ಲಿ ಇನ್ನೊಮ್ಮೆ. ಕೇಳಿದಾಗಲೆಲ್ಲ ರೇಡಿಯೋದ ದನಿ ಏರಿಸಿ ಸುಮ್ಮನಾಗುತ್ತಿದ್ದೆ. ನಲವತ್ತೆಂಟು ಸಾವಿರ ಖರ್ಚು ಮಾಡಿದವನ ಕಿವಿಗೆ ಕೆಲವು ಸದ್ದುಗಳು ಕೇಳಿಸುವುದಿಲ್ಲ.

ಗೋಕರ್ಣದಲ್ಲಿ ತಂಗಿಯ ಮಗನ ಉಪನಯನ. ಕಾರಿನಲ್ಲಿ ನಾನು, ಹೆಂಡತಿ, ಆಯಿ, ಚಿಕ್ಕಪ್ಪ, ಅವನ ಮಗ, ಹೀಗೆ ಐದು ಜನ. ಡಿಕ್ಕಿಯಲ್ಲಿ ಎರಡು ಬಾಳೆಗೊನೆ, ಜೋನಿಬೆಲ್ಲದ ಡಬ್ಬಿ, ಹಲಸಿನ ಹಪ್ಪಳದ ಕಟ್ಟು. ಒಬ್ಬನೇ ಓಡಿಸುವಾಗ ಎಲ್ಲೋ ಒಮ್ಮೆ ಕೇಳುತ್ತಿದ್ದ ಸದ್ದು ಅವತ್ತು ಪ್ರತಿ ತಿರುವಿನಲ್ಲೂ, ಪ್ರತಿ ಉಬ್ಬಿನಲ್ಲೂ ಹಾಜರು. ಘಟ್ಟ ಇಳಿದು ಕತಗಾಲದಲ್ಲಿ ಚಹಾಕ್ಕೆ ನಿಲ್ಲಿಸಿದಾಗ, ಯಾರಿಗೂ ಕಾಣದ ಹಾಗೆ ಬಗ್ಗಿ ಹಿಂದಿನ ಎಡ ಚಕ್ರ ಮುಟ್ಟಿದೆ. ಟೈರಿನ ಹೊರಭುಜ ಕೈಗೆ ತಾಳದಷ್ಟು ಬಿಸಿ. ಎರಡು ಬೆರಳಗಲದ ಒಂದು ಪಟ್ಟಿ ಹೊಳಪು ಬರುವಷ್ಟು ಸವೆದಿತ್ತು. ಚಕ್ರದ ಗೂಡಿನೊಳಗೆ ಕಪ್ಪು ರಬ್ಬರಿನ ಪುಡಿ ಹುರಿದ ಎಳ್ಳಿನ ಹಾಗೆ ಉದುರಿ ಬಿದ್ದಿತ್ತು. ಸುಟ್ಟ ವಾಸನೆ ಬೇರೆ. ಚಿಕ್ಕಪ್ಪ ಚಹಾದ ಲೋಟ ಹಿಡಿದು ಬಂದು ನೋಡಿ, "ಚಂದ ಇದೆ ಚಕ್ರ" ಎಂದಷ್ಟೇ ಹೇಳಿ ಹೋದ. ಅವನು ಕಡಿಮೆ ಮಾತಿನವನು.

ಇದಕ್ಕೆಲ್ಲ ಮೂಲ ಅಡಿಕೆ. ಆ ವರ್ಷ ದರ ಚೆನ್ನಾಗಿತ್ತು, ಕೈಯಲ್ಲಿ ನಾಲ್ಕು ಕಾಸು ಓಡಾಡಿತು. ನನ್ನದು ಮಾರುತಿ ಸ್ವಿಫ್ಟ್, ಕೆಳಗಿನ ಮಾದರಿ. 14 ಇಂಚಿನ ಕಬ್ಬಿಣದ ರಿಮ್ಮು, ಅದರ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ, 165/80 ಆರ್14 ಟೈರು, ಎಂದರೆ ಅಗಲ 165 ಮಿಲಿಮೀಟರು, ಪಕ್ಕೆಯ ಎತ್ತರ ಅಗಲದ ನೂರಕ್ಕೆ ಎಂಬತ್ತು, ರಿಮ್ಮು 14 ಇಂಚು. ಐದು ವರ್ಷ ಒಂದು ದೂರಿಲ್ಲದೆ ಓಡಿದ ಚಕ್ರಗಳು. ಆದರೆ ಹುಬ್ಬಳ್ಳಿಗೆ ಬೇರೆ ಕೆಲಸಕ್ಕೆ ಹೋದವನು ಒಂದು ಅಂಗಡಿಯ ಗಾಜಿನಾಚೆ ಮಾಸಲು ಕಪ್ಪು ಬಣ್ಣದ ಅಲಾಯ್ ಚಕ್ರ ನೋಡಿದೆ. ನೋಡಿದ್ದೇ ತಪ್ಪಾಯಿತು. ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಹದಿನೈದೋ ಹದಿನಾರೋ?" ನಾನು ಹದಿನೈದು ಎಂದೆ. ಒಂದೂವರೆ ತಾಸಿನಲ್ಲಿ 205/60 ಆರ್15 ಟೈರಿನೊಂದಿಗೆ ನಾಲ್ಕೂ ಚಕ್ರ ಕೂತವು. ಹಳೆಯ ನಾಲ್ಕನ್ನು ಡಿಕ್ಕಿಗೂ ಹಿಂದಿನ ಸೀಟಿಗೂ ತುರುಕಿಕೊಂಡು ತಡಸ, ಮುಂಡಗೋಡ ಮಾರ್ಗವಾಗಿ ಶಿರಸಿಗೆ ಬಂದೆ. ದಾರಿಯುದ್ದಕ್ಕೂ ಅಂಗಡಿಗಳ ಗಾಜಿನಲ್ಲಿ ನನ್ನ ಕಾರಿನ ಪಡಿನೆರಳನ್ನು ನೋಡಿಕೊಂಡೇ ಬಂದದ್ದು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಾನು ತೀರ ದಡ್ಡನಾಗಿಯೇ ಕೊಂಡೆ ಎಂದಲ್ಲ. ಅಂಗಡಿಯಲ್ಲೇ ಮೊಬೈಲಿನಲ್ಲಿ ಲೆಕ್ಕ ಹಾಕಿದ್ದೆ. 165/80 ಆರ್14 ಟೈರಿನ ಒಟ್ಟು ವ್ಯಾಸ ಸುಮಾರು 620 ಮಿಲಿಮೀಟರು, 205/60 ಆರ್15ರದ್ದು 627. ವ್ಯತ್ಯಾಸ ಏಳೇ ಮಿಲಿಮೀಟರು, ನೂರಕ್ಕೆ ಒಂದು ಚಿಲ್ಲರೆ. ಸ್ಪೀಡೋಮೀಟರು ಕೂಡ ಹೆಚ್ಚೇನೂ ಸುಳ್ಳು ಹೇಳುವುದಿಲ್ಲ. ಎತ್ತರದ ಲೆಕ್ಕ ಸರಿ ಬಂದ ಖುಷಿಯಲ್ಲಿ ಅಗಲದ ಲೆಕ್ಕ ಮಾಡಲೇ ಇಲ್ಲ. ರಿಮ್ಮಿನ ಒಳಮೈಯಲ್ಲಿ ಅಚ್ಚೊತ್ತಿದ್ದ ಎರಡು ಸಂಖ್ಯೆಗಳನ್ನು ನಾನೂ ಓದಲಿಲ್ಲ, ಅಂಗಡಿಯವರೂ ಓದಿ ಹೇಳಲಿಲ್ಲ. ಒಂದು, 7ಜೆ, ಎಂದರೆ ರಿಮ್ಮಿನ ಅಗಲ ಏಳು ಇಂಚು. ಇನ್ನೊಂದು, ಇಟಿ 35. ನನ್ನ ಹಳೆಯ ರಿಮ್ಮು 5ಜೆ, ಇಟಿ 45.

ಉಪನಯನದ ಮನೆಯಲ್ಲಿ ಊಟವಾದ ಮೇಲೆ ಭಾವ, ಎಂದರೆ ತಂಗಿಯ ಗಂಡ, ತನ್ನ ತೀರ್ಪು ಕೊಟ್ಟ. ಯಾವ ವಿಷಯಕ್ಕೂ ಅವನ ಹತ್ತಿರ ತೀರ್ಪು ಸಿದ್ಧವಿರುತ್ತದೆ. "ಭಾವ, ಇದು ಒಳಗಡೆ ಶಾಕ್ ಅಬ್ಸಾರ್ಬರಿಗೆ ತಾಗುತ್ತಿದೆ. ಚಕ್ರವನ್ನು ಸ್ವಲ್ಪ ಹೊರಗೆ ತಳ್ಳಬೇಕು. ಚಕ್ರದ ಹಿಂದೆ ಸ್ಪೇಸರ್ ಬಿಲ್ಲೆ ಹಾಕಿಸು." ಚಕ್ರ ಕಳಚಿ ನೋಡದೆ, ಪಂಚೆ ಮೇಲೆತ್ತಿ ಕಟ್ಟಿ, ಬೆರಳು ತೋರಿಸಿ ಹೇಳಿದ ರೀತಿಯಲ್ಲಿ ಎಷ್ಟು ಖಚಿತತೆ ಇತ್ತೆಂದರೆ ನನಗೆ ಎದುರಾಡಲು ಆಗಲಿಲ್ಲ. ಹುಬ್ಬಳ್ಳಿಯ ಅಂಗಡಿಗೆ ಫೋನು ಮಾಡಿದರೆ ಅವರ ತೀರ್ಪು ಬೇರೆ: ಸ್ಪ್ರಿಂಗಿನ ಸುರುಳಿಗಳ ನಡುವೆ ರಬ್ಬರಿನ ಬಫರ್ ಕೂರಿಸಿದರೆ ಕಾರು ಕುಸಿಯುವುದಿಲ್ಲ, ಸದ್ದು ತಾನಾಗಿಯೇ ಹೋಗುತ್ತದೆ.

ನಾನು ಎರಡನ್ನೂ ಮಾಡಿಸಿದೆ. ಇದನ್ನು ಬರೆಯುವುದಕ್ಕೇ ನಾಚಿಕೆಯಾಗುತ್ತದೆ. ಶಿರಸಿಯಲ್ಲಿ ಹಿಂದಿನ ಸ್ಪ್ರಿಂಗುಗಳಿಗೆ ಬಫರ್, ಮುಂದಿನ ಚಕ್ರಗಳಿಗೆ ಐದು ಮಿಲಿಮೀಟರಿನ ಸ್ಪೇಸರ್. ಬಫರ್ ಬಂದ ಮೇಲೆ ಹಿಂದಿನ ಸದ್ದು ಅರ್ಧ ಕಡಿಮೆಯಾದದ್ದು ನಿಜ. ಆದರೆ ಕಾರು ಎತ್ತಿನಗಾಡಿಯಾಯಿತು. ಒಂದು ಸಣ್ಣ ಕಲ್ಲು ಸಿಕ್ಕರೂ ಬೆನ್ನುಹುರಿಗೆ ವರದಿ ಹೋಗುತ್ತಿತ್ತು. ಆಯಿ ಎರಡು ಸಲ ಕೂತವಳು ಮೂರನೆಯ ಸಲ ಬಸ್ಸಿನಲ್ಲಿ ಹೋಗುತ್ತೇನೆ ಎಂದಳು. ಸ್ಪೇಸರ್ ಹಾಕಿದ ಮುಂಭಾಗದ ಕಥೆ ಇನ್ನೂ ಕೆಟ್ಟದು. ಮೊದಲು ಪೂರ್ತಿ ತಿರುಗಿಸಿದಾಗ ಮಾತ್ರ ಉಜ್ಜುತ್ತಿದ್ದ ಟೈರು ಈಗ ಮುಕ್ಕಾಲು ತಿರುಗಿಸಿದರೂ ಉಜ್ಜತೊಡಗಿತು. ಇದರ ಜೊತೆಗೆ ಎಂಬತ್ತರ ವೇಗ ದಾಟಿದರೆ ಸ್ಟೇರಿಂಗ್ ನಡುಗುತ್ತಿತ್ತು. ಅದನ್ನೂ ಉಜ್ಜುವಿಕೆಯ ಖಾತೆಗೇ ಹಾಕಿದ್ದೆ. ಅದರ ಕಾರಣವೇ ಬೇರೆ ಎಂದು ಗೊತ್ತಾದದ್ದು ಆಮೇಲೆ.

ಕುಮಟಾದ ಮೇಸ್ತ್ರಿಯ ಬಳಿಗೆ ಹೋದದ್ದೂ ಯೋಜನೆ ಮಾಡಿಕೊಂಡಲ್ಲ. ತುಳಸಿ ಲಗ್ನ ಕಳೆದು ಮದುವೆಗಳು ಶುರುವಾಗಿದ್ದವು. ಕುಮಟಾದಲ್ಲಿ ಒಂದು ಮದುವೆ ಮುಗಿಸಿಕೊಂಡು ಹೊರಟರೆ ಸಭಾಭವನದ ಗೇಟಿನಲ್ಲೇ ಎಡ ಹಿಂಚಕ್ರ ಗರಗರ ಎಂದಿತು. ಹೆದ್ದಾರಿ 66ರ ಬದಿಯಲ್ಲಿ, ತಗಡಿನ ಮಾಡಿನ ಕೆಳಗೆ, ಒಬ್ಬ ಹಿರಿಯ ಮೇಸ್ತ್ರಿ ಲಾರಿಯ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಅವರು ಎದ್ದು ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿದರು. ಏನನ್ನೂ ಮುಟ್ಟಲಿಲ್ಲ.

"ಎಷ್ಟು ಜನ ಕೂತಾಗ ಸದ್ದು ಬರುತ್ತದೆ ಹೆಗಡೆಯವರೇ?"

"ಐದು ಜನ."

"ಈಗ ಎಷ್ಟು ಜನ ಇದ್ದೀರಿ?"

"ಐದು."

"ಹಾಗಾದರೆ ಯಾರೂ ರಿಕ್ಷಾ ಹಿಡಿಯಬೇಡಿ. ನೀವೇ ನನ್ನ ತೂಕದ ಕಲ್ಲು."

ಮೊದಲು ಅವರು ನಾನು ಹಾಕಿಸಿದ ಔಷಧಿಗಳನ್ನೆಲ್ಲ ತೆಗೆಸಿದರು. ರೋಗ ಎಲ್ಲಿದೆ ಎಂದು ಕಾಣಬೇಕಾದರೆ ಮದ್ದು ಇಳಿಯಬೇಕು ಎಂಬುದು ಅವರ ಮಾತು. ಮುಂದಿನ ಚಕ್ರದ ನಟ್ಟು ಬಿಚ್ಚುವಾಗ ಬಾಯಲ್ಲಿ ಎಣಿಸುತ್ತಿದ್ದರು: ಒಂದು, ಎರಡು, ಮೂರು. ಆರನೆಯ ಸುತ್ತಿಗೆ ನಟ್ಟು ಕೈಗೆ ಬಂತು. ಅವರ ಮುಖ ಗಂಭೀರವಾದದ್ದು ಅದೊಂದೇ ಸಲ. ಈ ಕಾರಿನ ಸ್ಟಡ್ಡು, ಎಂದರೆ ನಟ್ಟು ಕೂರುವ ಬೋಲ್ಟು, 12 ಮಿಲಿಮೀಟರು ದಪ್ಪ, ಅದರ ತಿರುಪಿನ ಮರೆಗಳ ನಡುವಿನ ಅಂತರ ಒಂದೂಕಾಲು ಮಿಲಿಮೀಟರು. ಸ್ಟಡ್ಡು ಎಷ್ಟು ದಪ್ಪವೋ ಕಡಿಮೆಯೆಂದರೆ ಅಷ್ಟು ಉದ್ದ ನಟ್ಟು ಹಿಡಿದಿರಬೇಕು, ಅಂದರೆ ಒಂಬತ್ತು ಹತ್ತು ಸುತ್ತು. ಐದು ಮಿಲಿಮೀಟರಿನ ಸ್ಪೇಸರ್ ನಡುವೆ ನುಗ್ಗಿ ನಾಲ್ಕು ಸುತ್ತು ತಿಂದುಹಾಕಿತ್ತು. "ಇದನ್ನು ಹಾಕಿಕೊಂಡು ಐದು ಜನರನ್ನು ಕೂರಿಸಿಕೊಂಡು ಘಟ್ಟ ಇಳಿದಿರಾ?" ಎಂದರು. ಹೆಂಡತಿ ನನ್ನತ್ತ ನೋಡಿದಳು. ಭಾವನ ಹೆಸರು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಆದರೆ ದುಡ್ಡು ಕೊಟ್ಟು ಹಾಕಿಸಿದವನು ನಾನಲ್ಲವೇ.

ಚಕ್ರ ಕೈಯಲ್ಲಿದ್ದಾಗಲೇ ನಡುಗುವುದರ ಕಾರಣವನ್ನೂ ತೋರಿಸಿದರು. ಸ್ವಿಫ್ಟಿನ ಹಬ್ಬಿನ, ಎಂದರೆ ಚಕ್ರ ಕೂರುವ ಭಾಗದ, ನಡುಗೊಂಬಿನ ವ್ಯಾಸ 54.1 ಮಿಲಿಮೀಟರು. ಹೊಸ ಚಕ್ರದ ನಡುತೂತು 73.1. ಬೇರೆ ಬೇರೆ ಕಂಪನಿಗಳ ಕಾರಿಗೆ ಆಗಲಿ ಎಂದು ಹೊರಗಿನ ಚಕ್ರಗಳ ತೂತನ್ನು ದೊಡ್ಡದಾಗಿಯೇ ಕೊರೆದಿರುತ್ತಾರೆ. ನಡುವಿನ ಸಂದನ್ನು ತುಂಬುವ ಬಳೆಯಂಥ ಒಂದು ಉಂಗುರ ಹಾಕಬೇಕು. ನನ್ನ ಚಕ್ರಗಳಿಗೆ ಅದು ಇರಲಿಲ್ಲ, ಚಕ್ರ ಒಂದು ಕೂದಲೆಳೆಯಷ್ಟು ಓರೆಯಾಗಿ ಕೂತಿತ್ತು. ಉಂಗುರದ ಬೆಲೆ ನಾಲ್ಕು ಚಕ್ರಕ್ಕೂ ಸೇರಿ ನಮ್ಮ ಆ ದಿನದ ಚಹಾ ತಿಂಡಿಗಿಂತ ಸ್ವಲ್ಪ ಹೆಚ್ಚು.

ಇನ್ನು ಸದ್ದಿನ ಜಾಗ ಹಿಡಿಯಬೇಕು. ಮೇಸ್ತ್ರಿ ಮೊದಲು ಸೀಮೆಸುಣ್ಣ ತಂದರು. ಬೆಳಿಗ್ಗೆ ಅಕಾಲದಲ್ಲಿ ಒಂದು ಹನಿಮಳೆ ಬಿದ್ದು ಚಕ್ರದ ಗೂಡಿನ ಒಳಹೊದಿಕೆಯೆಲ್ಲ ಒದ್ದೆ, ಸೀಮೆಸುಣ್ಣ ಪ್ಲಾಸ್ಟಿಕ್ಕಿಗೆ ಹತ್ತಲೇ ಇಲ್ಲ. ಅವರು ಸುತ್ತ ಕಣ್ಣಾಡಿಸಿದರು. ಆಯಿ ರೇಷ್ಮೆ ಸೀರೆಯುಟ್ಟು ಸ್ಟೂಲಿನ ಮೇಲೆ ಕೂತು ಸಂಚಿ ಬಿಚ್ಚುತ್ತಿದ್ದಳು. "ಅಮ್ಮಾ, ಸುಣ್ಣ ಸ್ವಲ್ಪ ಕೊಡುತ್ತೀರಾ?" ಕವಳಕ್ಕೆ ಕೇಳುತ್ತಿದ್ದಾರೆಂದು ಆಯಿ ಎಲೆಯನ್ನೂ ಅಡಿಕೆಯನ್ನೂ ಸೇರಿಸಿಯೇ ಕೊಟ್ಟಳು. ಅವರು ಎಲೆ ಅಡಿಕೆಯನ್ನು ಬಾಯಿಗೆ ಹಾಕಿಕೊಂಡು, ಸುಣ್ಣದ ಡಬ್ಬಿಗೆ ನಾಲ್ಕು ಹನಿ ನೀರು ಬಿಟ್ಟು, ಬೆರಳಿನಿಂದ ಕದಡಿ, ನಾಲ್ಕೂ ಗೂಡಿನೊಳಗೆ ಬಳಿದರು: ಮುಂದೆ ಬಂಪರಿನ ಮೂಲೆ, ಹಿಂದೆ ಮಡ್‌ಫ್ಲ್ಯಾಪಿನ ಮೇಲ್ಗಡೆ, ಚಕ್ರದ ಮೇಲೆ ಬಾಗಿದ ತಗಡಿನ ಕಮಾನಿನ ಒಳ ಅಂಚು, ಶಾಕ್ ಅಬ್ಸಾರ್ಬರಿನ ಹೊಟ್ಟೆ. ಆಯಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು.

"ಈಗ ಎಡಕ್ಕೆ ಪೂರ್ತಿ ತಿರುಗಿಸಿ, ಹತ್ತು ಅಡಿ ಮುಂದೆ ಬನ್ನಿ." ಬಂದೆ. "ಬಲಕ್ಕೆ ಪೂರ್ತಿ, ಹತ್ತು ಅಡಿ ಹಿಂದೆ." ಹೋದೆ. ಇಳಿದು ನೋಡಿದರೆ ಕಪ್ಪು ಟೈರಿನ ಭುಜದ ಮೇಲೆ ಬಿಳಿ ಗೆರೆ, ಸುಣ್ಣ ಬಳಿದ ಜಾಗದಲ್ಲಿ ಒರೆಸಿದ ಗುರುತು. ಎಡಕ್ಕೆ ತಿರುಗಿಸಿದಾಗ ಎಡಚಕ್ರದ ಹೊರಭುಜದ ಹಿಂಭಾಗ ಮಡ್‌ಫ್ಲ್ಯಾಪಿಗೆ ತಾಗುತ್ತಿತ್ತು. ಬಲಕ್ಕೆ ತಿರುಗಿಸಿದಾಗ ಅದೇ ಚಕ್ರದ ಹೊರಭುಜದ ಮುಂಭಾಗ ಬಂಪರಿನ ಕಡೆಯ ಹೊದಿಕೆಗೆ. ಬಲಚಕ್ರದಲ್ಲಿ ಇದೇ ಕಥೆ ಕನ್ನಡಿಯಲ್ಲಿ ನೋಡಿದ ಹಾಗೆ ತಿರುಗುಮುರುಗು. ಭಾವ ಬೆರಳು ತೋರಿಸಿದ್ದ ಶಾಕ್ ಅಬ್ಸಾರ್ಬರಿನ ಮೇಲೆ ಹಚ್ಚಿದ ಸುಣ್ಣ ಹಚ್ಚಿದ ಹಾಗೆಯೇ ಇತ್ತು. ಅಲ್ಲಿ ಎರಡು ಬೆರಳು ಆರಾಮವಾಗಿ ತೂರುವಷ್ಟು ಜಾಗವಿತ್ತು.

ಆಗ ಮೇಸ್ತ್ರಿ ಆ ಎರಡು ಸಂಖ್ಯೆಗಳನ್ನು ಓದಿ ಹೇಳಿದರು. ರಿಮ್ಮಿನ ಅಗಲದ ನಟ್ಟನಡುವೆ ಒಂದು ಗೆರೆ ಎಳೆದುಕೊಳ್ಳಿ. ಹಬ್ಬಿಗೆ ಒರಗುವ ಮುಖ ಆ ಗೆರೆಯಿಂದ ಎಷ್ಟು ಮಿಲಿಮೀಟರು ಹೊರಗಿದೆಯೋ ಅದೇ ಇಟಿ, ಆಫ್‌ಸೆಟ್ಟು. ಸಂಖ್ಯೆ ದೊಡ್ಡದಾದಷ್ಟೂ ಚಕ್ರ ಒಳಗೆ ಸೇರುತ್ತದೆ, ಚಿಕ್ಕದಾದಷ್ಟೂ ಹೊರಗೆ ಬರುತ್ತದೆ. 45 ಇದ್ದದ್ದು 35 ಆಯಿತು ಎಂದರೆ ಚಕ್ರವೇ ಇಡಿಯಾಗಿ 10 ಮಿಲಿಮೀಟರು ಹೊರಗೆ ಬಂತು. ಅದು ಸಾಲದು ಎಂಬಂತೆ ರಿಮ್ಮಿನ ಅಗಲ ಐದು ಇಂಚಿನಿಂದ ಏಳಕ್ಕೆ ಏರಿದೆ. ಎರಡು ಇಂಚು ಹೆಚ್ಚಾದರೆ ಒಂದು ಒಳಕ್ಕೆ, ಒಂದು ಹೊರಕ್ಕೆ. ಒಂದು ಇಂಚು ಎಂದರೆ 25 ಮಿಲಿಮೀಟರು. 25ಕ್ಕೆ 10 ಸೇರಿಸಿ. ರಿಮ್ಮಿನ ಹೊರ ಅಂಚು ಕಂಪನಿ ಇಟ್ಟ ಜಾಗದಿಂದ ಮೂರೂವರೆ ಸೆಂಟಿಮೀಟರು ಆಚೆ ಬಂದು ನಿಂತಿತ್ತು. ಒಳಗಡೆ ಅದು ಹೋದದ್ದು ಒಂದೂವರೆ ಸೆಂಟಿಮೀಟರು ಮಾತ್ರ. ಹೊರಗೆ ತಾಗುತ್ತಿರುವ ಚಕ್ರವನ್ನು ನಾನು ಸ್ಪೇಸರ್ ಕೊಟ್ಟು ಇನ್ನೂ ಐದು ಮಿಲಿಮೀಟರು ಹೊರಗೆ ದೂಡಿದ್ದೆ. ಸ್ಪೇಸರಿಗೂ ಒಂದು ಉಪಯೋಗವಿದೆ, ಆದರೆ ಅದು ಒಳಗೆ ತಾಗುವ ಚಕ್ರಕ್ಕೆ.

ಹಿಂಚಕ್ರಕ್ಕೆ ಬೇರೆ ಪರೀಕ್ಷೆ. ಹಿಂಚಕ್ರ ತಿರುಗುವುದಿಲ್ಲ, ಮೇಲೆ ಕೆಳಗೆ ಹೋಗುತ್ತದೆ ಅಷ್ಟೇ. ಮದುವೆಯ ಉಡುಪಿನಲ್ಲಿದ್ದ ನಾವು ಐವರೂ ಹತ್ತಿ ಕೂತೆವು. ಒಂದು ದಪ್ಪ ಹಲಗೆಯನ್ನು ಎಡ ಹಿಂಚಕ್ರದ ಕೆಳಗೆ ಬರುವ ಹಾಗೆ ಇಟ್ಟು, ಕಾರನ್ನು ನಿಧಾನಕ್ಕೆ ಅದರ ಮೇಲೆ ಏರಿಸಲು ಹೇಳಿದರು. ಆ ಕಡೆಯ ಸ್ಪ್ರಿಂಗು ಪೂರ್ತಿ ಕುಗ್ಗಿತು. "ಯಾರೂ ಉಸಿರು ಬಿಡಬೇಡಿ" ಎಂದು ಚಿಕ್ಕಪ್ಪ ಆ ದಿನದ ಏಕೈಕ ಹಾಸ್ಯ ಮಾಡಿದ. ಬಲಕ್ಕೂ ಹಾಗೆಯೇ. ಕೆಳಗಿಳಿದು ನೋಡಿದರೆ ಎಡಗಡೆ ಕಮಾನಿನ ಒಳ ಅಂಚಿನ ಸುಣ್ಣ ಒಂದು ಗೇಣುದ್ದ ಸಾಪಾಗಿ ಹೋಗಿದೆ. ಬಲಗಡೆ ಅರಿಶಿನ ಕುಂಕುಮವಿಟ್ಟ ಹೊಸಿಲಿನಂತೆ ಅಚ್ಚುಕಟ್ಟಾಗಿ ಉಳಿದಿದೆ.

ಒಂದೇ ಕಾರು, ಒಂದೇ ಅಳತೆಯ ಚಕ್ರ, ಒಂದು ಬದಿಗೆ ಮಾತ್ರ ಏಕೆ? ಮೇಸ್ತ್ರಿ ರಟ್ಟನ್ನು ಮಡಚಿ ಮಡಚಿ ಎರಡೂ ಕಡೆ ಟೈರಿಗೂ ಅಂಚಿಗೂ ನಡುವೆ ತೂರಿಸಿ ನೋಡಿದರು. ಎಡಗಡೆ ಸಂದು ಐದಾರು ಮಿಲಿಮೀಟರು ಕಡಿಮೆ. "ಈ ಬದಿಗೆ ಯಾವಾಗಲಾದರೂ ಏನಾದರೂ ತಾಗಿತ್ತೇ?" ತಾಗಿತ್ತು. ಮೂರು ವರ್ಷದ ಹಿಂದೆ ಅಡಿಕೆ ಚೀಲ ಹೇರಿಕೊಂಡಿದ್ದ ಪಿಕಪ್ ಒಂದು ಹಿಂದಕ್ಕೆ ಬರುವಾಗ ಎಡ ಹಿಂಬಾಗಿಲಿನ ಪಕ್ಕ ಒತ್ತಿತ್ತು. ತಗಡಿನ ಕೆಲಸದವರು ಹೊರಗಿನಿಂದ ನೋಡಲು ಚೆಂದ ಮಾಡಿಕೊಟ್ಟಿದ್ದರು. ಒಳ ಅಂಚು ಮಾತ್ರ ಸ್ವಲ್ಪ ಒಳಕ್ಕೇ ಉಳಿದಿತ್ತು. ಹಳೆಯ ಸಪೂರ ಟೈರಿಗೆ ಅದು ಲೆಕ್ಕಕ್ಕೇ ಇರಲಿಲ್ಲ. ನಾನು ಮರೆತೇಬಿಟ್ಟಿದ್ದ ಆ ಪಿಕಪ್ಪನ್ನು ಕಾರು ಮರೆತಿರಲಿಲ್ಲ.

ಮುಂಚಕ್ರಗಳ ಕೆಲಸ ಅರ್ಧ ತಾಸಿನದು. ಮಡ್‌ಫ್ಲ್ಯಾಪಿನ ಒಳಮೂಲೆಯನ್ನು ಓರೆಯಾಗಿ ಕತ್ತರಿಸಿದರು. ಬಂಪರಿನ ಕಡೆಯ ಹೊದಿಕೆಯ ಒಂದು ಕ್ಲಿಪ್ಪು ಬಿಚ್ಚಿ, ಬಿಸಿಗಾಳಿ ಊದುವ ಯಂತ್ರ ಹಿಡಿದು ಪ್ಲಾಸ್ಟಿಕ್ಕು ಮೆತ್ತಗಾದಾಗ ಒದ್ದೆ ಬಟ್ಟೆ ಸುತ್ತಿದ ಕೈಯಿಂದ ಒಳಕ್ಕೆ ಒತ್ತಿದರು. ಅದು ತಣಿದು ಗಟ್ಟಿಯಾಗುವವರೆಗೆ ಹಾಗೆಯೇ ಹಿಡಿದು, ಕ್ಲಿಪ್ಪನ್ನು ಹೊಸ ಜಾಗದಲ್ಲಿ ಚುಚ್ಚಿದರು. ಹೊದಿಕೆಯನ್ನೇ ಕಿತ್ತು ಬಿಸಾಡುವವರೂ ಇದ್ದಾರಂತೆ. ಅದು ಸುಲಭ, ಆದರೆ ಮಳೆಗಾಲದಲ್ಲಿ ಕೆಸರೆಲ್ಲ ನೇರ ಒಳಗಿನ ತಗಡಿಗೂ ವೈರುಗಳಿಗೂ ಹೊಡೆಯುತ್ತದೆ.

ಹಿಂದಿನದಕ್ಕೆ ನಾನು ಕೇಳಿದ್ದು, ಎರಡೂ ಕಡೆಯ ಅಂಚನ್ನು ಪೂರ್ತಿ ಮೇಲಕ್ಕೆ ಮಡಚಿಬಿಡಿ ಎಂದು. ಮೇಸ್ತ್ರಿ ತಲೆಯಾಡಿಸಿದರು. ಅಂಚು ಮಡಚಿದರೆ ಬಣ್ಣ ಬಿರಿಯುತ್ತದೆ, ಬಿರುಕು ಕಣ್ಣಿಗೆ ಕಾಣದಷ್ಟು ಸಣ್ಣದಿದ್ದರೂ ಸಾಕು. "ನಿಮ್ಮ ಶಿರಸಿಯಲ್ಲಿ ಮಳೆ ಮಾತ್ರ. ಇಲ್ಲಿ ಮಳೆಯ ಜೊತೆ ಉಪ್ಪುಗಾಳಿಯೂ ಇದೆ. ನೀವು ತಂಗಿಯ ಮನೆಗೆ ಬಂದು ಎರಡು ದಿನ ಕಡಲ ಪಕ್ಕ ನಿಲ್ಲಿಸಿ ಹೋಗುತ್ತೀರಿ. ಮೂರನೆಯ ಮಳೆಗಾಲಕ್ಕೆ ಬಂದು ತೋರಿಸಿ, ಅಂಚನ್ನು ಉಗುರಿನಲ್ಲಿ ಮುರಿದು ಕೊಡುತ್ತೇನೆ." ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಜೀವಮಾನವೆಲ್ಲ ತಗಡು ನೋಡಿದವರ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಹಾಗಾದರೆ ಟೈರು ಚಿಕ್ಕದು ಮಾಡೋಣ ಎಂದಾಯಿತು. ನಾನು ಜಾಣತನದಿಂದ, ಮೇಲಿನ ಮಾದರಿಯ ಸ್ವಿಫ್ಟಿಗೆ ಕಂಪನಿಯೇ ಕೊಡುವ 185/65 ಆರ್15 ಹಾಕಿಬಿಡಿ ಎಂದೆ. ಅದೂ ನಡೆಯಲಿಲ್ಲ. ಪ್ರತಿ ಟೈರಿಗೂ ಇಷ್ಟರಿಂದ ಇಷ್ಟು ಅಗಲದ ರಿಮ್ಮು ಎಂಬ ಮಿತಿ ಇದೆ. 185/65ಕ್ಕೆ ಅದು ಐದರಿಂದ ಆರೂವರೆ ಇಂಚು. ನನ್ನ ಏಳಿಂಚಿನ ರಿಮ್ಮಿನ ಮೇಲೆ ಅದನ್ನು ಎಳೆದು ಕೂರಿಸಿದರೆ ಪಕ್ಕೆಗಳು ಹಿಗ್ಗಿ ನಿಲ್ಲುತ್ತವೆ, ಗುಂಡಿಗೆ ಬಿದ್ದಾಗ ಅಂಚು ರಿಮ್ಮು ಬಿಟ್ಟರೂ ಬಿಟ್ಟಿತು. 195/60 ಆರ್15ಕ್ಕೆ ಮಿತಿ ಐದೂವರೆಯಿಂದ ಏಳು. ಏಳಿಂಚಿನ ರಿಮ್ಮು ಕೊನೆಯ ಮೆಟ್ಟಿಲಲ್ಲಿ ನಿಂತು ಪಾಸಾಯಿತು. ಅದರ ಒಟ್ಟು ವ್ಯಾಸ 615. ಎಂದರೆ 205/60ಕ್ಕಿಂತ ಪಕ್ಕದಲ್ಲಿ ಐದು, ಮೇಲ್ಗಡೆ ಆರು ಮಿಲಿಮೀಟರು ಉಳಿತಾಯ. ಹೊರುವ ಶಕ್ತಿಯ ಸೂಚ್ಯಂಕ 88, ಎಂದರೆ ಒಂದು ಟೈರಿಗೆ 560 ಕಿಲೋ. ನನ್ನ ಹಳೆಯ ಟೈರಿನ 85ಕ್ಕಿಂತ ಮೇಲೆಯೇ ಇತ್ತು. ಅದನ್ನೂ ಮೇಸ್ತ್ರಿಯೇ ನೋಡಿದ್ದು, ನಾನಲ್ಲ.

ಊರಿನ ಟೈರು ಅಂಗಡಿಯಲ್ಲಿ ನಾಲ್ಕು ಸಿಕ್ಕವು. ಎಡ ಹಿಂಬದಿಯ 205 ಟೈರಿನ ಭುಜ ನೂಲು ಕಾಣುವುದಕ್ಕೆ ಸ್ವಲ್ಪವೇ ಬಾಕಿ ಇತ್ತು, ಅದು ಗುಜರಿಗೆ ಹೋಯಿತು. ಉಳಿದ ಮೂರನ್ನು ಅಂಗಡಿಯವರು ಅರ್ಧ ಬೆಲೆಗೂ ಕಡಿಮೆಗೆ ತೆಗೆದುಕೊಂಡರು. ಎರಡು ತಿಂಗಳು ಓಡದ ಟೈರುಗಳು. ಲೆಕ್ಕ ಬರೆಯುವಾಗ ಕೈ ನಡುಗಿತು ಎಂದರೆ ಅತಿಶಯವಲ್ಲ.

ಹೊಸ ಟೈರು ಹಾಕಿ, ಮತ್ತೆ ಸುಣ್ಣ ಬಳಿದು, ಮತ್ತೆ ಐವರೂ ಹತ್ತಿ, ಮತ್ತೆ ಹಲಗೆ. ಬಲಗಡೆ ಏನಿಲ್ಲ. ಎಡಗಡೆ ಗೇಣುದ್ದದ ಗುರುತು ಈಗ ನಾಲ್ಕು ಬೆರಳಿಗೆ ಇಳಿದಿತ್ತು. ಪೂರ್ತಿ ಹೋಗಿರಲಿಲ್ಲ. ಆ ನಾಲ್ಕು ಬೆರಳಿನ ಜಾಗವನ್ನು ಮಾತ್ರ ಮಡಚಲು ಮೇಸ್ತ್ರಿ ಒಪ್ಪಿದರು. ಕೂದಲು ಒಣಗಿಸುವವರು ಮಾಡುವ ಹಾಗೆ ಬಿಸಿಗಾಳಿಯನ್ನು ಅತ್ತಿಂದಿತ್ತ ಆಡಿಸುತ್ತ ಬಣ್ಣವನ್ನು ಕಾಯಿಸಿದರು. ಆಗಾಗ ಮುಂಗೈಯ ಹಿಂಬದಿಯನ್ನು ತಗಡಿಗೆ ಹತ್ತಿರ ತಂದು ನೋಡುತ್ತಿದ್ದರು. ತಣ್ಣಗಿದ್ದರೆ ಬಣ್ಣ ಸೀಳುತ್ತದೆ, ಹೆಚ್ಚು ಕಾದರೆ ಗುಳ್ಳೆ ಏಳುತ್ತದೆ. ಆಮೇಲೆ ಬಟ್ಟೆ ಸುತ್ತಿದ ಮರದ ದಿಂಡನ್ನು ಟೈರಿಗೂ ಅಂಚಿಗೂ ನಡುವೆ ಇಟ್ಟರು. ಹುಡುಗನೊಬ್ಬ ಕಾರನ್ನು ಅಂಗುಲ ಅಂಗುಲವಾಗಿ ತಳ್ಳಿದ, ದಿಂಡು ಉರುಳುತ್ತ ಅಂಚನ್ನು ಮೇಲಕ್ಕೆ ಒತ್ತಿತು. ಒಂದೇ ಸಲಕ್ಕಲ್ಲ. ಕಾಯಿಸುವುದು, ಉರುಳಿಸುವುದು, ನೋಡುವುದು, ಹೀಗೆ ಏಳೆಂಟು ಸಲ. ಮುಗಿದ ಮೇಲೆ ಮಡಚಿದ ಜಾಗಕ್ಕೆ ಪ್ರೈಮರು, ಅದರ ಮೇಲೆ ಬಣ್ಣ, ಅದು ಒಣಗಿದ ಮೇಲೆ ಸಂದಿಗೆ ನೀರು ಇಳಿಯದಂತೆ ಸೀಲೆಂಟು. ಬಣ್ಣ ಒಂದು ಕಡೆ ಕೂದಲಷ್ಟು ಬಿರಿದೇ ಇತ್ತು. ಅದನ್ನು ಮುಚ್ಚಿಡದೆ ನನಗೆ ತೋರಿಸಿ, ಪ್ರತಿ ಮಳೆಗಾಲದ ಮುಂಚೆ ಒಮ್ಮೆ ನೋಡಿಕೊಳ್ಳಿ ಎಂದರು.

ಹೊರಡುವ ಮೊದಲು ಇನ್ನೊಂದು ಮಾತು ಹೇಳಿದರು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಚಕ್ರ ಕಮಾನಿನಿಂದ ಆಚೆ ಇಣುಕಿದರೆ ಪೊಲೀಸರಿಗಿಂತ ಮೊದಲು ವಿಮೆಯವರ ಕಣ್ಣು ಅದರ ಮೇಲೆ ಬೀಳುತ್ತದೆ. "ಮುಂದಿನ ಸಲ ಟೈರು ಸವೆದಾಗ ಈ ರಿಮ್ಮನ್ನೂ ಮಾರಿಬಿಡಿ. ಆರಿಂಚು ಅಗಲ, ಇಟಿ 45 ಇರುವುದನ್ನು ಹುಡುಕಿ. ಆಗ ಕಂಪನಿಯ 185 ಟೈರೇ ಕೂರುತ್ತದೆ, ನನ್ನ ಹತ್ತಿರ ಬರುವ ಕೆಲಸವೇ ಇಲ್ಲ." ಗಿರಾಕಿಯನ್ನು ಹೀಗೆ ಕೈಯಾರೆ ಕಳೆದುಕೊಳ್ಳುವವರನ್ನು ನಾನು ಹೆಚ್ಚು ನೋಡಿಲ್ಲ. ಹಳೆಯ 14 ಇಂಚಿನ ನಾಲ್ಕು ಅಟ್ಟದ ಮೇಲೆ ಇವೆ ಎಂದಾಗ, "ಮತ್ತೆ ಇಷ್ಟೆಲ್ಲ ಯಾಕೆ?" ಎನ್ನುವ ಹಾಗೆ ನೋಡಿದರು. ಬಾಯಿಬಿಟ್ಟು ಕೇಳಲಿಲ್ಲ.

ಸಂಜೆ ಆರಕ್ಕೆ ಹೊರಟೆವು. ಬಫರ್ ಇಲ್ಲದ ಕಾರು ಮತ್ತೆ ಕಾರಿನ ಹಾಗೆ ತೂಗುತ್ತಿತ್ತು. ಕತಗಾಲ ದಾಟಿತು, ಘಟ್ಟದ ಏರು ಶುರುವಾಯಿತು. ಯಾರೂ ಮಾತಾಡಲಿಲ್ಲ, ಎಲ್ಲರ ಕಿವಿಯೂ ಕೆಳಗೆ. ರೇಡಿಯೋ ನಾನೇ ಬಂದ್ ಮಾಡಿದ್ದೆ. ಒಂದು ತಿರುವು, ಎರಡು, ಹತ್ತು. ಹೊಂಡವೊಂದಕ್ಕೆ ಬೇಕೆಂದೇ ಎಡಚಕ್ರ ಇಳಿಸಿದೆ. ದಡ್ ಎಂದಿತು, ಅಷ್ಟೇ. ದೇವಿಮನೆಯಲ್ಲಿ ಕಾರು ನಿಲ್ಲಿಸಿ, ದೇವಸ್ಥಾನಕ್ಕೆ ಕೈಮುಗಿದು, ಮೊಬೈಲಿನ ಬೆಳಕು ಹಿಡಿದು ನಾಲ್ಕೂ ಗೂಡುಗಳನ್ನು ಇಣುಕಿ ನೋಡಿದೆ. ಮೇಸ್ತ್ರಿ ಕೊನೆಯ ಸಲ ಬಳಿದಿದ್ದ ಸುಣ್ಣ ಒಣಗಿ, ಗೋಡೆಗೆ ಹೊಡೆದ ಹಾಗೆ ಬೆಳ್ಳಗೆ ಕೂತಿತ್ತು. ಎಡ ಹಿಂಬದಿಯ ಅಂಚಿನಲ್ಲೂ.

ಮರುದಿನ ಶಿರಸಿಯಲ್ಲಿ ಅಲೈನ್‌ಮೆಂಟ್ ಮಾಡಿಸಿ, ಅವರು ಹೇಳಿದ್ದಂತೆ ನಟ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿ ಮಾಡಿಸಿದೆ. ಹದಿನಾರರಲ್ಲಿ ಎರಡು ಕಾಲು ಸುತ್ತು ತಿರುಗಿದವು.

ಆ ಸಂಜೆ ದೇವಿಮನೆಯಿಂದ ಮತ್ತೆ ಹೊರಟಾಗ ಆಯಿ ಸಂಚಿ ಬಿಚ್ಚಿದ್ದಳು. ಎಲೆ ಇತ್ತು, ಅಡಿಕೆ ಇತ್ತು, ತಂಬಾಕೂ ಇತ್ತು. ಡಬ್ಬಿಯ ಮುಚ್ಚಳ ತೆಗೆದು ಒಳಗೆ ಬೆರಳಾಡಿಸಿದಳು, ಡಬ್ಬಿಯನ್ನು ಮಗುಚಿ ಅಂಗೈಗೆ ತಟ್ಟಿದಳು.

"ಮಾಣಿ, ಕಾರು ನಿಲ್ಲಿಸು" ಎಂದಳು. "ಆ ಚಕ್ರದ ಮೇಲಿನದ್ದನ್ನೇ ಒಂದು ಚೂರು ಕೆರೆದು ಕೊಡು."